ಮೂರೋ, ಎಂಟೋ? ಅಪ್ಪನ ಲಾಟರಿ ಟಿಕೆಟ್ ಕಲಿಸಿದ ಪಾಠ

ನನ್ನ ಫೋನಿನ ಗ್ಯಾಲರಿಯಲ್ಲಿ ಡಿಲೀಟ್ ಮಾಡೋಕೆ ಮನಸ್ಸು ಬಾರದ ಒಂದು ಫೋಟೊ ಇದೆ. ಎರಡು ವರ್ಷದ ಹಿಂದೆ ಅಪ್ಪ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು. ಕೇರಳ ಸರ್ಕಾರದ ಲಾಟರಿ ಟಿಕೆಟ್, ಬೆಲೆ 40 ರೂಪಾಯಿ. ಗಾಡಿಯ ಸ್ಟೇರಿಂಗ್ ಮೇಲಿಟ್ಟು ತೆಗೆದಿದ್ದಾರೆ. ಆರು ಅಂಕಿಗಳಲ್ಲಿ ಐದು ಸರಿಯಾಗಿ ಕಾಣುತ್ತವೆ. ಕೊನೆಯದರ ಮೇಲೆ ಅಪ್ಪನ ಹೆಬ್ಬೆರಳ ನೆರಳು ಬಿದ್ದಿದೆ.

ಅದು 3 ಆಗಿದ್ದರೆ ಏನೂ ಇಲ್ಲ. 8 ಆಗಿದ್ದರೆ 5,000 ರೂಪಾಯಿ.

ಎಷ್ಟು ಝೂಮ್ ಮಾಡಿದರೂ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಸಲಿ ಟಿಕೆಟ್ ನಮ್ಮ ಹತ್ತಿರ ಇಲ್ಲ.

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಕಾಡಿಗೆ ತಾಗಿಕೊಂಡೇ ಇದೆ. ಅಪ್ಪ ಗೂಡ್ಸ್ ಗಾಡಿ ಓಡಿಸ್ತಾರೆ. ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ಟೊಮೆಟೊ, ಬೀನ್ಸ್, ಎಲೆಕೋಸು ತುಂಬಿಕೊಂಡು ಮದ್ದೂರು ಚೆಕ್‌ಪೋಸ್ಟ್, ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಗೆ ಹೋಗೋದು, ಬರೋದು. 2009ರಿಂದ ಆ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಅಷ್ಟರೊಳಗೆ ಗೇಟ್ ದಾಟಬೇಕು, ಇಲ್ಲಾಂದ್ರೆ ಆಚೆ ಕಡೆನೇ ಮಲಗಬೇಕು. ಹೀಗೆ ಮಲಗಿದ ರಾತ್ರಿಗಳಲ್ಲೇ ಅಪ್ಪನಿಗೆ ಲಾಟರಿ ಚಟ ಅಂಟಿಕೊಂಡಿದ್ದು. ದೊಡ್ಡ ಚಟವೇನಲ್ಲ. ವಾರಕ್ಕೊಂದು ಟಿಕೆಟ್, ಗಡಿಯಾಚೆಯ ಒಂದೇ ಅಂಗಡಿಯಲ್ಲಿ, ಹದಿನೈದು ವರ್ಷದಿಂದ.

ಅವತ್ತು ಡ್ರಾ ಆದ ಮಾರನೇ ದಿನ ಅಪ್ಪ ಟಿಕೆಟ್ ಅಂಗಡಿಯವನ ಕೈಗೆ ಕೊಟ್ಟಿದ್ದಾರೆ. ಅವನು ರಿಸಲ್ಟ್ ಶೀಟ್ ಮೇಲೆ ಕಣ್ಣಾಡಿಸಿ "ಇಲ್ಲ ಚೇಟಾ" ಅಂದು, ಟಿಕೆಟ್ಟನ್ನು ಕೆಳಗಿನ ಡಬ್ಬಕ್ಕೆ ಹಾಕಿದ್ದಾನೆ. ಅಪ್ಪ ಟೀ ಕುಡಿದು ವಾಪಸ್ ಬಂದಿದ್ದಾರೆ. ಮೂರು ದಿನ ಆದಮೇಲೆ ನಾನು ಸುಮ್ಮನೆ ಕುತೂಹಲಕ್ಕೆ ಆ ಫೋಟೊ ತೆಗೆದು ರಿಸಲ್ಟ್ ಜೊತೆ ಹೋಲಿಸಿದೆ. ಕೊನೆಯ ನಾಲ್ಕು ಅಂಕಿಗೆ ಸಿಗುವ ಬಹುಮಾನದ ಪಟ್ಟಿಯಲ್ಲಿ ನಮ್ಮ ಮೂರು ಅಂಕಿ ಸರಿಯಾಗಿ ಕೂತವು. ನಾಲ್ಕನೆಯದು 8 ಇರಬೇಕಿತ್ತು.

ಅಪ್ಪ ಹೋಗಿ ಕೇಳಿದರು. ಡಬ್ಬ ಅಷ್ಟೊತ್ತಿಗೆ ಖಾಲಿಯಾಗಿತ್ತು. ಅಂಗಡಿಯವನು ಮುಖ ಸಣ್ಣದು ಮಾಡಿಕೊಂಡ. ಅಪ್ಪ ಇನ್ನಷ್ಟು ಸಣ್ಣದು ಮಾಡಿಕೊಂಡು ಬಂದರು. "ಬುಡವ್ವ, ಅವ ನಮ್ಮವನೇ" ಅಂದರು. ಆದರೆ ಅವತ್ತಿನಿಂದ ಆ ಅಂಗಡಿ ಮುಂದೆ ಗಾಡಿ ನಿಲ್ಲಿಸಿಲ್ಲ.

ನನ್ನ ಕೆಲಸವೇ ಜನರನ್ನು ಚೆಕ್ ಮಾಡೋದು

ತಮಾಷೆ ಅಂದ್ರೆ, ಬೆಂಗಳೂರಲ್ಲಿ ನಾನು ಮಾಡೋ ಕೆಲಸ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ನೀವು ಹೊಸ ಕಂಪನಿ ಸೇರುವಾಗ ಮಾರ್ಕ್ಸ್ ಕಾರ್ಡ್, ಹಳೇ ಆಫೀಸಿನ ರಿಲೀವಿಂಗ್ ಲೆಟರ್, ಮನೆ ವಿಳಾಸ, ಕೋರ್ಟ್ ಕೇಸು ಏನಾದ್ರೂ ಇದೆಯಾ ಅಂತ ಜಾಲಾಡ್ತಾರಲ್ಲ, ಆ ಜಾಲಾಡೋ ಟೀಮಿನಲ್ಲಿ ನಾನಿದ್ದೇನೆ. ಹಾಗಾಗಿ 5,000 ರೂಪಾಯಿಗಿಂತ ಬೇರೊಂದು ಪ್ರಶ್ನೆ ನನ್ನನ್ನು ಕಾಡೋಕೆ ಶುರುವಾಯ್ತು. ಒಂದು ಸರ್ಕಾರ ಲಾಟರಿ ನಡೆಸುವಾಗ ಯಾರನ್ನು ಚೆಕ್ ಮಾಡುತ್ತೆ? ಎಲ್ಲಿವರೆಗೆ ಮಾಡುತ್ತೆ? ಎಲ್ಲಿ ಕೈಬಿಡುತ್ತೆ?

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ನಮ್ಮಲ್ಲಿ 2007ರಿಂದ ಲಾಟರಿಯೇ ಇಲ್ಲ. ಸರ್ಕಾರ ತನ್ನ ಲಾಟರಿ ನಿಲ್ಲಿಸಿತು, ಬೇರೆ ರಾಜ್ಯದ ಲಾಟರಿ ಮಾರಾಟವನ್ನೂ ನಿಷೇಧಿಸಿತು. ಹಾಗೆ ಮಾಡೋಕೆ 1998ರ ಲಾಟರಿ ನಿಯಂತ್ರಣ ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಒಂದು ಷರತ್ತು. ತಾನೇ ಲಾಟರಿ ನಡೆಸುವ ರಾಜ್ಯ, ಪಕ್ಕದ ರಾಜ್ಯದ್ದನ್ನು ಮಾತ್ರ ಬೇಡ ಅನ್ನುವಂತಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರವೇ ನಡೆಸಿದರೂ ಲಾಟರಿ ಜೂಜೇ ಅನ್ನೋ ಮಾತೂ ಅದೇ ತೀರ್ಪಿನಲ್ಲಿದೆ.

ನಿಷೇಧ ಆದಮೇಲೆ ನಮ್ಮಲ್ಲಿ ಎಲ್ಲ ಶುದ್ಧವಾಯಿತಾ? 2015 ನೆನಪಿದೆಯಲ್ಲ. ಕೋಲಾರ ಚಿನ್ನದ ಗಣಿ ಕಡೆಯಿಂದ ನಡೆಯುತ್ತಿದ್ದ ಸಿಂಗಲ್ ಡಿಜಿಟ್ ಲಾಟರಿ ದಂಧೆ ಬಯಲಾದಾಗ ಹಿರಿಯ ಪೊಲೀಸ್ ಅಧಿಕಾರಿಗಳ ಹೆಸರುಗಳೂ ಕೇಳಿಬಂದವು. ಕೊನೆಗೆ ತನಿಖೆಯನ್ನು ಸಿಬಿಐಗೆ ವಹಿಸಬೇಕಾಯ್ತು. ಕಾಯುವವರನ್ನು ಕಾಯೋರು ಯಾರು ಅನ್ನೋ ಪ್ರಶ್ನೆ ಲಾಟರಿ ಇದ್ದರೂ ಇರುತ್ತೆ, ಇಲ್ಲದಿದ್ದರೂ ಇರುತ್ತೆ.

ಕಾಗದಕ್ಕೆ ಕಾವಲು ಗಟ್ಟಿ

ಕೇರಳದ ಕಥೆ ಬೇರೆ. 1967ರಲ್ಲಿ ಒಂದು ರೂಪಾಯಿ ಟಿಕೆಟ್ಟಿನಿಂದ ಶುರುವಾದ ಲಾಟರಿ ಅದು. ಮೊದಲ ಡ್ರಾ ನಡೆದದ್ದು 1968ರ ಜನವರಿ 26ರಂದು, ಮೊದಲ ಬಹುಮಾನ 50,000 ರೂಪಾಯಿ. ಅಲ್ಲಿ ಲಾಟರಿಗೆ ಅಂತಲೇ ಸರ್ಕಾರಿ ಇಲಾಖೆ ಇದೆ.

ಅವರ ಕಾವಲು ಹೇಗಿದೆ ಅಂತ ನೋಡಿದಾಗ ನಿಜವಾಗ್ಲೂ ಮೆಚ್ಚಿಕೊಂಡೆ. ಕೇಂದ್ರದ ಕಾಯ್ದೆ ಪ್ರಕಾರ ಟಿಕೆಟ್ಟನ್ನು ರಾಜ್ಯ ಸರ್ಕಾರವೇ ತನ್ನ ಮುದ್ರೆ, ಲಾಂಛನದೊಂದಿಗೆ ಮುದ್ರಿಸಬೇಕು. ಡ್ರಾ ಸರ್ಕಾರವೇ ಮಾಡಬೇಕು, ಅದೂ ಆ ರಾಜ್ಯದೊಳಗೇ. ಮಾರಿದ ದುಡ್ಡು ಸರ್ಕಾರದ ಖಾತೆಗೆ ಬರಬೇಕು. ಒಂಟಿ ಅಂಕಿ ಮೇಲೆ ಬಹುಮಾನ ಇಡುವಂತಿಲ್ಲ. ಯಾರೂ ಕೇಳದೆ ಉಳಿದ ಬಹುಮಾನದ ಹಣ ಏಜೆಂಟರಿಗಲ್ಲ, ಸರ್ಕಾರಕ್ಕೆ ಸೇರುತ್ತೆ. ಕೇರಳದಲ್ಲಿ ಟಿಕೆಟ್ ಮುದ್ರಿಸುವ ಕೆಬಿಪಿಎಸ್ ಕೂಡ ಸರ್ಕಾರದ್ದೇ ಸಂಸ್ಥೆ. ತಿರುವನಂತಪುರದಲ್ಲಿ ಎಲ್ಲರೆದುರು, ತೀರ್ಪುಗಾರರ ಸಮಿತಿಯ ಮುಂದೆ ಡ್ರಾ ನಡೆಯುತ್ತೆ, ಟಿವಿಯಲ್ಲೂ ಬರುತ್ತೆ. ಟಿಕೆಟ್ ಮೇಲೆ ಬಾರ್‌ಕೋಡ್ ಇರುತ್ತೆ. ಅಂಕಿ ತಿದ್ದಿದ ಅನುಮಾನ ಬಂದರೆ ಲ್ಯಾಬ್ ಪರೀಕ್ಷೆಗೂ ಹೋಗುತ್ತೆ.

ಗೆದ್ದವರಿಗೂ ತಪಾಸಣೆ ಇದೆ. ಫಲಿತಾಂಶವನ್ನು ಗೆಜೆಟ್ ಜೊತೆ ತಾಳೆ ನೋಡಿ 30 ದಿನದೊಳಗೆ ಅಸಲಿ ಟಿಕೆಟ್ ಒಪ್ಪಿಸಬೇಕು. ದೊಡ್ಡ ಮೊತ್ತವಾದರೆ ಫೋಟೊ, ಗುರುತಿನ ದಾಖಲೆ, ಪ್ಯಾನ್, ಸಹಿ ಎಲ್ಲ ಬೇಕು. 2024ರ ಅಕ್ಟೋಬರ್ 9ರಂದು ತಿರುವೋಣಂ ಬಂಪರ್‌ನ 25 ಕೋಟಿ ರೂಪಾಯಿ ಮಂಡ್ಯ ಜಿಲ್ಲೆಯ ಮೆಕ್ಯಾನಿಕ್ ಒಬ್ಬರಿಗೆ ಬಂದದ್ದು ನಿಮಗೆ ನೆನಪಿರಬಹುದು. ಆ ಟಿಕೆಟ್ ಮಾರಾಟವಾದದ್ದು ಇದೇ ಸುಲ್ತಾನ್ ಬತ್ತೇರಿಯಲ್ಲಿ. ಸುದ್ದಿ ಬಂದ ರಾತ್ರಿ ಅಪ್ಪ ನಿದ್ದೆ ಮಾಡಿರಲಿಕ್ಕಿಲ್ಲ! ಕರ್ನಾಟಕದವರಾದರೂ ಕೇರಳದ ಅಂಗಡಿಯಲ್ಲಿ ಟಿಕೆಟ್ ಕೊಂಡಿದ್ದರೆ ಬಹುಮಾನಕ್ಕೆ ಅಡ್ಡಿಯಿಲ್ಲ ಅನ್ನೋದು ಅವತ್ತು ನಮ್ಮ ಕಡೆಯ ಎಲ್ಲರಿಗೂ ಗೊತ್ತಾಯ್ತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದಿದ್ದು ಇಷ್ಟು. 25 ಕೋಟಿಗೆ ಕಾವಲು ಇದೆ. ಕಾಗದಕ್ಕೆ ಕಾವಲು ಇದೆ. ಆದರೆ 5,000 ರೂಪಾಯಿವರೆಗಿನ ಬಹುಮಾನವನ್ನು ಅಂಗಡಿಯಲ್ಲೇ ತೀರಿಸಿಕೊಳ್ಳಬಹುದು. ಅಂದ್ರೆ ಅಪ್ಪನ ಹೆಬ್ಬೆರಳ ಕೆಳಗಿದ್ದ ಅಂಕಿ ಅಂಗಡಿ ಕೌಂಟರ್ ದಾಟಿ ಯಾವ ಅಧಿಕಾರಿಯ ಮುಂದೂ ಬರಬೇಕಿರಲಿಲ್ಲ. ಬಾರ್‌ಕೋಡ್ ಟಿಕೆಟ್ ಅಸಲಿ ಅಂತ ಹೇಳುತ್ತೆ. ಅದು ಯಾರದ್ದು ಅಂತ ಹೇಳಲ್ಲ.

ಸೆಕ್ಯುರಿಟಿ ಮುಖ್ಯಸ್ಥನೇ ಕಳ್ಳನಾದಾಗ

ನಮ್ಮ ಆಫೀಸಿನಲ್ಲಿ ಹೊಸಬರಿಗೆ ಟ್ರೈನಿಂಗ್ ಕೊಡುವಾಗ ನಾನು ಈಗ ಒಂದು ಕಥೆ ಹೇಳ್ತೀನಿ. ಅಮೆರಿಕದ ಅಯೋವಾ ರಾಜ್ಯದ್ದು, ನಡೆದ ಕಥೆ.

ಅಲ್ಲಿ ಹಲವು ರಾಜ್ಯಗಳು ಸೇರಿ ಮಾಡಿಕೊಂಡ ಲಾಟರಿ ಸಂಘ ಇದೆ. ಅದರ ಮಾಹಿತಿ ಭದ್ರತೆಯ ಮುಖ್ಯಸ್ಥ ಎಡ್ಡಿ ಟಿಪ್ಟನ್. ಅದೃಷ್ಟದ ಸಂಖ್ಯೆ ಆರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದವನೂ ಅವನೇ. ಯಂತ್ರ ಗಾಜಿನ ಕೋಣೆಯೊಳಗೆ, ಸುತ್ತ ಕ್ಯಾಮೆರಾ. ಆ ಸಂಘದ ನೌಕರರು ಟಿಕೆಟ್ ಕೊಳ್ಳೋದಕ್ಕೂ ನಿಷೇಧ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ಅವನು ಕೋಡ್‌ನೊಳಗೆ ಕೆಲವು ಸಾಲು ಅಡಗಿಸಿಟ್ಟಿದ್ದ. ವರ್ಷದ ಮೂರು ನಿರ್ದಿಷ್ಟ ದಿನಾಂಕಗಳು ಡ್ರಾ ದಿನದಂದೇ ಬಂದರೆ, ಯಂತ್ರ ಮೊದಲೇ ಊಹಿಸಬಹುದಾದ ಸಂಖ್ಯೆಗಳನ್ನು ಕೊಡುತ್ತಿತ್ತು. 2010ರ ಡಿಸೆಂಬರ್ 29 ಅಂಥದ್ದೊಂದು ದಿನ. ಬಹುಮಾನ 1.65 ಕೋಟಿ ಡಾಲರ್.

ಅವನು ಸಿಕ್ಕಿಬಿದ್ದಿದ್ದು ಹೇಗೆ ಗೊತ್ತಾ? ಬ್ಯಾಕ್‌ಗ್ರೌಂಡ್ ಚೆಕ್‌ನಿಂದ ಅಲ್ಲ. ಸುಮಾರು ಒಂದು ವರ್ಷ ಯಾರೂ ಆ ಬಹುಮಾನ ಕೇಳಲಿಲ್ಲ. ಗಡುವು ಮುಗಿಯೋಕೆ ಕೆಲವೇ ಗಂಟೆ ಇದ್ದಾಗ ವಕೀಲರೊಬ್ಬರು ಹೆಸರು ಹೇಳದ ಯಾರದ್ದೋ ಪರವಾಗಿ ಟಿಕೆಟ್ ತಂದರು. "ಈ ಟಿಕೆಟ್ ಕೊಂಡವರು ಯಾರು?" ಅಂತ ಲಾಟರಿಯವರು ಕೇಳಿದರು. ಉತ್ತರ ಬರಲಿಲ್ಲ, ಹಣವನ್ನೂ ಕೊಡಲಿಲ್ಲ. 2014ರಲ್ಲಿ ಅಂಗಡಿಯ ಸಿಸಿಟಿವಿ ದೃಶ್ಯ ಬಿಡುಗಡೆ ಮಾಡಿದಾಗ, ಅದರಲ್ಲಿದ್ದ ಧ್ವನಿ ಅವನದ್ದೇ ಅಂತ ಜೊತೆಯಲ್ಲಿ ಕೆಲಸ ಮಾಡಿದವರೇ ಗುರುತಿಸಿದರು. 2017ರಲ್ಲಿ ಅವನಿಗೆ ಗರಿಷ್ಠ 25 ವರ್ಷದ ಶಿಕ್ಷೆಯಾಯ್ತು. ಅದಕ್ಕೂ ಮುಂಚೆ ಬೇರೆ ರಾಜ್ಯಗಳ ಡ್ರಾಗಳಲ್ಲೂ ಹೀಗೇ ಗೆದ್ದಿದ್ದು ಹೊರಬಂತು.

ನನ್ನ ಕೆಲಸದ ಮಿತಿ ಇಲ್ಲೇ ಇರೋದು. ಬ್ಯಾಕ್‌ಗ್ರೌಂಡ್ ಚೆಕ್ ಹಿಂದೆ ತಿರುಗಿ ನೋಡುತ್ತೆ. ಒಬ್ಬ ಮನುಷ್ಯ ನಿನ್ನೆವರೆಗೆ ಏನು ಮಾಡಿದ ಅಂತ ಹೇಳುತ್ತೆ. ನಾಳೆ ಏನು ಮಾಡ್ತಾನೆ ಅಂತ ಹೇಳಲ್ಲ. ಸೇರುವ ದಿನ ಒಂದು ಸಲ ತಪಾಸಣೆ ಮಾಡಿ ಹಸಿರು ಟಿಕ್ ಹಾಕಿದರೆ, ಆಮೇಲೆ ಇಪ್ಪತ್ತು ವರ್ಷ ಅವರನ್ನು ಯಾರೂ ನೋಡಲ್ಲ. ನಮ್ಮ ಬಂಡೀಪುರದ ರಸ್ತೆಯನ್ನೇ ನೋಡಿ. ಮದ್ದೂರಿನಲ್ಲಿ ಒಂದು ಸಲ ಬಿಟ್ಟರೆ ಮುಗೀತು ಅಂತಿಲ್ಲ, ಮೂಲೆಹೊಳೆಯಲ್ಲಿ ಮತ್ತೆ ಗೇಟ್ ಇದೆ. ಒಳಗೆ ಬಿಟ್ಟ ಮೇಲೆ ಹೊರಗೆ ಹೋಗುವಾಗಲೂ ನೋಡುವವರಿರಬೇಕು.

ಕೌಂಟರ್ ಹಿಂದಿನ ಕೈ

ಟಿಪ್ಟನ್ ಕಥೆ ಕೋಟಿಗಳದ್ದು. ಅಪ್ಪನದಕ್ಕೆ ಹತ್ತಿರದ ಕಥೆ ಕೆನಡಾದ ಒಂಟಾರಿಯೊದಲ್ಲಿ ಸಿಕ್ಕಿತು.

2001ರಲ್ಲಿ ಅಲ್ಲಿನ ಅಜ್ಜನೊಬ್ಬ ತನ್ನ ಟಿಕೆಟ್ ಚೆಕ್ ಮಾಡಿ ಅಂತ ಅಂಗಡಿಯಲ್ಲಿ ಕೊಟ್ಟ. ನಿನಗೆ ಬಂದಿರೋದು ಒಂದು ಫ್ರೀ ಟಿಕೆಟ್ ಅಂತ ಹೇಳಿ ಕಳಿಸಿದರು. ನಿಜಕ್ಕೂ ಬಂದಿದ್ದು 2.5 ಲಕ್ಷ ಡಾಲರ್, ಅದನ್ನು ಪಡೆದುಕೊಂಡವರು ಅಂಗಡಿಯವರು! ಅಜ್ಜ ವರ್ಷಗಟ್ಟಲೆ ಹೋರಾಡಿದ. 2006ರಲ್ಲಿ ಟಿವಿ ವಾಹಿನಿಯೊಂದು ಈ ವಿಷಯ ಎತ್ತಿತು. ಟಿಕೆಟ್ ಮಾರುವವರೇ ದೊಡ್ಡ ಬಹುಮಾನಗಳನ್ನು ವಿಪರೀತವಾಗಿ ಗೆಲ್ಲುತ್ತಿದ್ದಾರಲ್ಲ, ಇದು ಹೇಗೆ ಅಂತ ಕೇಳಿತು. 2007ರಲ್ಲಿ ಅಲ್ಲಿನ ಒಂಬುಡ್ಸ್‌ಮನ್ ವರದಿ ಕೊಟ್ಟು, ಲಾಟರಿ ಸಂಸ್ಥೆ ಮಾರಾಟಗಾರರನ್ನು ನಂಬಿದಷ್ಟು ಗ್ರಾಹಕರನ್ನು ನಂಬಲಿಲ್ಲ ಅಂತ ಛೀಮಾರಿ ಹಾಕಿದರು.

ಆಮೇಲೆ ಆದ ಬದಲಾವಣೆಗಳು ಬಹಳ ಸರಳ. ಟಿಕೆಟ್ ಸ್ಕ್ಯಾನ್ ಮಾಡಿದಾಗ ಫಲಿತಾಂಶ ಗ್ರಾಹಕನಿಗೂ ಕಾಣುವ ಸ್ಕ್ರೀನ್. ಟಿಕೆಟ್ ಮೇಲೆ ಗ್ರಾಹಕನ ಸಹಿ. ಮಾರುವವರ ನೋಂದಣಿ, ಅವರ ಹಿನ್ನೆಲೆ ತಪಾಸಣೆ. ಮಾರುವವರೇ ಗೆದ್ದರೆ ಪ್ರತ್ಯೇಕ ತನಿಖೆ.

ಹಾಗಂತ ನಮ್ಮ ಗಡಿಯಾಚೆಯ ಮಾರಾಟಗಾರರನ್ನೆಲ್ಲ ಕಳ್ಳರು ಅಂದ್ರೆ ಪಾಪ ಬರುತ್ತೆ. ಕೇರಳದಲ್ಲಿ ಬಿಸಿಲಲ್ಲಿ ನಿಂತು ಟಿಕೆಟ್ ಮಾರುವವರಲ್ಲಿ ವಯಸ್ಸಾದವರು, ಅಂಗವಿಕಲರು, ಕಣ್ಣು ಕಾಣದವರು ಬಹಳ ಮಂದಿ. ಎಷ್ಟೋ ಸಲ ಮೋಸ ಹೋಗೋರೇ ಅವರು. ಹಳೇ ಟಿಕೆಟ್ಟಿನ ಅಂಕಿ ತಿದ್ದಿ, ಕಲರ್ ಝೆರಾಕ್ಸ್ ಮಾಡಿ, ಬಹುಮಾನ ಬಂದಿದೆ ಅಂತ ನಂಬಿಸಿ ಅವರಿಂದ ದುಡ್ಡು, ಹೊಸ ಟಿಕೆಟ್ಟು ಕಿತ್ಕೊಂಡು ಹೋದ ಪ್ರಕರಣಗಳು ಅಲ್ಲಿ ಆಗಾಗ ಸುದ್ದಿಯಾಗುತ್ತವೆ. ಸಣ್ಣ ಬಹುಮಾನ ಕೌಂಟರ್‌ನಲ್ಲೇ ತೀರುತ್ತೆ ಅನ್ನೋ ಅನುಕೂಲವೇ ಅವರ ಕುತ್ತಿಗೆಗೂ ಬರುತ್ತೆ.

ಕೇಂದ್ರದ 2010ರ ನಿಯಮಗಳು ಏಜೆಂಟರ ಅರ್ಹತೆ ಏನಿರಬೇಕು ಅನ್ನೋದನ್ನು ಆಯಾ ರಾಜ್ಯಕ್ಕೇ ಬಿಟ್ಟಿವೆ. ಎಷ್ಟು ಟಿಕೆಟ್ ತಗೊಂಡೆ, ಎಷ್ಟು ಮಾರಿದೆ, ಎಷ್ಟು ಉಳಿಯಿತು ಅಂತ ಲೆಕ್ಕ ಇಡಬೇಕು. ಟಿಕೆಟ್ಟಿನ ಲೆಕ್ಕ ಇದೆ. ಆದರೆ ಏಜೆನ್ಸಿಯಿಂದ ಸಣ್ಣ ಅಂಗಡಿಗೆ, ಅಲ್ಲಿಂದ ಸೈಕಲ್ ಮೇಲಿನವನಿಗೆ, ಅವನಿಂದ ಅಪ್ಪನ ಕೈಗೆ ಬರುವಷ್ಟರಲ್ಲಿ ಆ ಲೆಕ್ಕ ಮನುಷ್ಯರನ್ನು ಬಿಟ್ಟುಬಿಟ್ಟಿರುತ್ತೆ.

ನೀವು ಕೊಳ್ಳಲೇಬೇಕು ಅಂದ್ರೆ

ಲಾಟರಿ ಕೊಳ್ಳಿ ಅಂತ ನಾನು ಹೇಳಲ್ಲ. ನಲವತ್ತು ರೂಪಾಯಿ ಅಂತ ಶುರುವಾಗಿ ಗಾಡಿ ಮಾರಿದವರನ್ನು ನಮ್ಮೂರಲ್ಲೇ ನೋಡಿದ್ದೇನೆ. ಆದರೆ ವೀಕೆಂಡ್‌ಗೆ ವಯನಾಡಿಗೆ ಹೋದಾಗ, ಗೋಪಾಲಸ್ವಾಮಿ ಬೆಟ್ಟ ನೋಡಿಕೊಂಡು ಬತ್ತೇರಿವರೆಗೆ ಒಂದು ರೌಂಡ್ ಹೋದಾಗ, "ಒಂದೇ ಒಂದು" ಅಂತ ಕೊಳ್ಳುವ ಗೆಳೆಯರು ನನಗೂ ಇದ್ದಾರೆ. ಅವರಿಗೆ ಹೇಳೋದನ್ನೇ ನಿಮಗೂ ಹೇಳ್ತೀನಿ:

- ಟಿಕೆಟ್ ಕೈಗೆ ಬಂದ ತಕ್ಷಣ ಹಿಂಬದಿ ಹೆಸರು, ವಿಳಾಸ ಬರೆದು ಸಹಿ ಹಾಕಿ. ಸಹಿ ಇಲ್ಲದ ಟಿಕೆಟ್ ಯಾರ ಕೈಲಿದೆಯೋ ಅವರದ್ದು.
- ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಬೆರಳು ಅಡ್ಡ ಬರದ ಹಾಗೆ! ಫೋಟೊ ತೋರಿಸಿದರೆ ಬಹುಮಾನ ಸಿಗಲ್ಲ, ಅಸಲಿ ಟಿಕೆಟ್ಟೇ ಬೇಕು. ಆದರೂ ಜಗಳ ಬಂದಾಗ ನಿಮ್ಮ ಹತ್ತಿರ ಏನಾದರೂ ಇರುತ್ತೆ.
- ಫಲಿತಾಂಶ ನೀವೇ ನೋಡಿ. ಕೇರಳ ಲಾಟರಿ ಇಲಾಖೆಯ ಅಧಿಕೃತ ವೆಬ್‌ಸೈಟ್‌ನಲ್ಲಿ ಇರುತ್ತೆ. ಬೇರೆಯವರ ಬಾಯಲ್ಲಿ "ಇಲ್ಲ" ಅಂತ ಕೇಳಿ ಟಿಕೆಟ್ ಬಿಟ್ಟು ಬರಬೇಡಿ.
- ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ "ಕೇರಳ ಲಾಟರಿ ಆನ್‌ಲೈನ್" ಅಂತ ಬಂದರೆ ಅದು ಮೋಸ. ಕೇರಳ ಮಾರೋದು ಕಾಗದದ ಟಿಕೆಟ್ ಮಾತ್ರ.
- ಟಿಕೆಟ್ಟೇ ಇಲ್ಲದೆ ಕೊನೆಯ ಮೂರು ಅಂಕಿ ಬರೆದುಕೊಂಡು ದುಡ್ಡು ಕಟ್ಟಿಸಿಕೊಳ್ಳುವ ಆಟ ಸರ್ಕಾರದ್ದಲ್ಲ. ಸರ್ಕಾರಿ ಫಲಿತಾಂಶವನ್ನು ಬಳಸಿಕೊಂಡು ನಡೆಯುವ ಕಳ್ಳ ಜೂಜು ಅದು.
- ಅಲ್ಲಿ ಕೊಂಡು ತಂದು ಇಲ್ಲಿ ಮಾರೋ ಯೋಚನೆ ಬೇಡ. ಕರ್ನಾಟಕದಲ್ಲಿ ಮಾರಿದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಅನುಮಾನಕ್ಕಿಂತ ತಪಾಸಣೆ ವಾಸಿ

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಪ್ಪನ ಜೊತೆ ಗಾಡಿಯಲ್ಲಿ ಬತ್ತೇರಿಗೆ ಹೊರಟೆ. ಕಾಡಿನ ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ವಾಪಸ್ ಬರುವಾಗ ಅಪ್ಪ ಆ ಅಂಗಡಿ ಮುಂದೆ ಗಾಡಿ ನಿಧಾನ ಮಾಡಿದರು, ನಿಲ್ಲಿಸಲಿಲ್ಲ. ಅಂಗಡಿಯವನು ತಲೆ ಎತ್ತಿ ನೋಡಿದ. ಅಪ್ಪ ಮುಂದಕ್ಕೆ ನೋಡಿದರು.

ಆಗ ನನಗೆ ಅನ್ನಿಸಿದ್ದು ಇಷ್ಟೇ. ನಾವು ಕಳ್ಕೊಂಡಿದ್ದು 5,000 ರೂಪಾಯಿನೋ ಅಲ್ಲವೋ ಗೊತ್ತಿಲ್ಲ. ಹದಿನೈದು ವರ್ಷದ ಒಂದು ಗೆಳೆತನ ಮಾತ್ರ ಖಂಡಿತ ಹೋಯ್ತು. ಅವತ್ತು ಕೌಂಟರ್ ಮೇಲೆ ಅಪ್ಪನಿಗೂ ಕಾಣುವಂಥ ಒಂದು ಸಣ್ಣ ಸ್ಕ್ರೀನ್ ಇದ್ದಿದ್ದರೆ, ಸ್ಕ್ಯಾನ್ ಮಾಡಿದ ಒಂದು ಚೀಟಿ ಕೈಗೆ ಸಿಕ್ಕಿದ್ದರೆ, ಅಂಕಿ 8 ಆಗಿದ್ದರೆ ಅಪ್ಪನಿಗೆ ದುಡ್ಡು ಬರುತ್ತಿತ್ತು, 3 ಆಗಿದ್ದರೆ ಅಂಗಡಿಯವನಿಗೆ ಅವನ ಮರ್ಯಾದೆ ವಾಪಸ್ ಬರುತ್ತಿತ್ತು. ಅವನು ಪ್ರಾಮಾಣಿಕನೇ ಆಗಿದ್ದರೆ, ತಪಾಸಣೆ ಇಲ್ಲದ್ದರಿಂದ ಹೆಚ್ಚು ಕಳ್ಕೊಂಡವನು ಅವನೇ.

ಆಫೀಸಿನಲ್ಲಿ ಜನ ನನ್ನ ಮೇಲ್ ನೋಡಿದರೆ ಮುಖ ಸಿಂಡರಿಸಿಕೊಳ್ತಾರೆ. "ನಮ್ಮನ್ನ ನಂಬಲ್ವಾ?" ಅಂತಾರೆ. ಈಗ ಅವರಿಗೆ ನನ್ನ ಹತ್ತಿರ ಒಂದು ಉತ್ತರ ಇದೆ. ನಂಬಿಕೆ ಇಲ್ಲ ಅಂತ ಚೆಕ್ ಮಾಡೋದಲ್ಲ, ನಾಳೆ ಯಾರಾದರೂ ನಿಮ್ಮತ್ತ ಬೊಟ್ಟು ಮಾಡಿದಾಗ ತೋರಿಸೋಕೆ ಏನಾದರೂ ಇರಲಿ ಅಂತ.

ಮದ್ದೂರು ಗೇಟ್ ದಾಟಿದಾಗ ಎಂಟೂಮುಕ್ಕಾಲು. ಅಪ್ಪ ಜೇಬಿನಿಂದ ಒಂದು ಟಿಕೆಟ್ ತೆಗೆದು ನನ್ನ ಕೈಗೆ ಕೊಟ್ಟರು. ಬೇರೆ ಅಂಗಡಿಯದ್ದು. ಹಿಂಬದಿ ತಿರುಗಿಸಿದೆ. ವಕ್ರವಕ್ರವಾದ ಅಕ್ಷರದಲ್ಲಿ ಅವರ ಹೆಸರು, ಊರು, ಸಹಿ.

"ಫೋಟೊ ನೀನೇ ತಗಿಯವ್ವ," ಅಂದರು. "ನನ್ ಬೆರಳು ಅಡ್ಡ ಬತ್ತದ."